ಛಪ್ಪನಿಯೊ ಮತ್ತು ಧಾತು ಬರ: ಒಂದೇ ಖಜಾನೆಯ ಎರಡು ತುದಿ

ಗುಜರಾತಿನ ಹಳ್ಳಿಯ ಹಿರಿಯರ ಬಾಯಲ್ಲಿ ‘ಛಪ್ಪನಿಯೊ’ ಎಂಬ ಮಾತನ್ನು ನಿಮ್ಮಲ್ಲಿ ಕೆಲವರಾದರೂ ಕೇಳಿರಬಹುದು. ಛಪ್ಪನ್ ಎಂದರೆ ಐವತ್ತಾರು. ವಿಕ್ರಮ ಸಂವತ್ 1956, ಅಂದರೆ ಕ್ರಿ.ಶ. 1899-1900ರಲ್ಲಿ ಬಂದ ಮಹಾ ಬರಕ್ಕೆ ಇಲ್ಲಿಯ ಜನ ಇಟ್ಟ ಹೆಸರು ಅದು. ನಮ್ಮ ಕಡೆಗೂ ಇಂಥದೇ ಒಂದು ಹೆಸರಿದೆ. 1876ರಿಂದ 78ರವರೆಗಿನ ಬರವನ್ನು ನಮ್ಮ ಅಜ್ಜ ಮುತ್ತಜ್ಜಂದಿರು ‘ಧಾತು ಬರ’, ‘ಧಾತು ಈಶ್ವರದ ಬರ’ ಎನ್ನುತ್ತಿದ್ದರು. ಅವೆರಡೂ ಸಂವತ್ಸರಗಳ ಹೆಸರು. ರಾಜರ ಹೆಸರು, ಯುದ್ಧದ ಹೆಸರು ಮರೆತ ಜನ ಹಸಿದ ವರ್ಷದ ಹೆಸರನ್ನು ಮಾತ್ರ ಮರೆಯಲಿಲ್ಲ. ಎರಡು ಭಾಷೆಯವರೂ ಅದನ್ನು ಪಂಚಾಂಗದಿಂದಲೇ ಹೆಕ್ಕಿದರು.

ಈ ಎರಡು ಬರಗಳ ನಡುವೆ ಇನ್ನೊಂದು ನಂಟಿದೆ. ಅದು ದುಡ್ಡಿನ ನಂಟು.

ಇಂದು ಅಹಮದಾಬಾದಿನಲ್ಲೋ ಸೂರತ್ತಿನಲ್ಲೋ ನೆಲೆಸಿರುವ ಧಾರವಾಡದವರು, ವಿಜಾಪುರದವರು ‘ನಾವು ಬೇರೆ ರಾಜ್ಯಕ್ಕೆ ಬಂದವರು’ ಎಂದುಕೊಳ್ಳುತ್ತೇವೆ. ಆದರೆ 1956ರ ನವೆಂಬರ್ 1ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳೂ ಅಹಮದಾಬಾದ್, ಖೇಡಾ, ಸೂರತ್ ಜಿಲ್ಲೆಗಳೂ ಒಂದೇ ಮುಂಬಯಿ ಆಡಳಿತದಲ್ಲಿದ್ದವು. ಕಂದಾಯ ಒಂದೇ ಬೊಕ್ಕಸಕ್ಕೆ ಹೋಗುತ್ತಿತ್ತು. ವಡೋದರಾ ಮಾತ್ರ ಹೊರಗೆ. ಅದು ಗಾಯಕವಾಡರ ಸಂಸ್ಥಾನ, ಅದರ ಖಜಾನೆಯೇ ಬೇರೆ. ನಮ್ಮ ಕಡೆ ಮೈಸೂರೂ ಹಾಗೆಯೇ. ಒಂದು ಪ್ರದೇಶಕ್ಕೆ ಪೆಟ್ಟು ಬಿದ್ದಾಗ ಹಂಚಿಕೊಂಡ ಬೊಕ್ಕಸ ಎಷ್ಟರ ಮಟ್ಟಿಗೆ ಕಾಯುತ್ತದೆ, ಎಲ್ಲಿ ಕೈ ಬಿಡುತ್ತದೆ ಎಂದು ನೋಡಬೇಕಾದರೆ ಇದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕುವುದು ಕಷ್ಟ.

ತತ್ವ ಸುಲಭ. ನಾಲ್ಕು ಅಣ್ಣತಮ್ಮಂದಿರ ಕೂಡು ಕುಟುಂಬದಲ್ಲಿ ಒಬ್ಬನ ಹೊಲ ಒಣಗಿದರೆ ಅವನ ಮಕ್ಕಳು ಉಪವಾಸ ಬೀಳುವುದಿಲ್ಲ. ಎಲ್ಲರ ಹೊಲವೂ ಒಂದೇ ವರ್ಷ ಒಣಗುವುದು ಅಪರೂಪ. ದೇಶವೂ ಹಾಗೆಯೇ. ಪೆಟ್ಟು ತಿಂದ ಜಿಲ್ಲೆಯಿಂದ ತೆರಿಗೆ ಕಡಿಮೆ ಬರುತ್ತದೆ, ಅಲ್ಲಿಗೆ ಖರ್ಚು ಹೆಚ್ಚು ಹೋಗುತ್ತದೆ. ಬೆಳೆ ಬಂದ ಜಿಲ್ಲೆ ಅದನ್ನು ತುಂಬಿಕೊಡುತ್ತದೆ. ಹೇಳುವುದಕ್ಕೆ ಇಷ್ಟೇ. ಆದರೆ ‘ನನ್ನ ದುಡ್ಡು ಅವನಿಗೆ ಏಕೆ’ ಎಂಬ ಮಾತು ಕೂಡು ಕುಟುಂಬದಲ್ಲೇ ಏಳುತ್ತದೆ, ಸಾಮ್ರಾಜ್ಯದಲ್ಲಿ ಏಳದೆ ಇರುತ್ತದೆಯೇ?

1876ರಲ್ಲಿ ಮುಂಗಾರು ಕೈಕೊಟ್ಟಿತು. ಆಗಿನ ಕಲಾದಗಿ ಜಿಲ್ಲೆ, ಅಂದರೆ ಮುಂದೆ ವಿಜಾಪುರ ಎಂದು ಹೆಸರಾದ ಜಿಲ್ಲೆ, ಎಲ್ಲಕ್ಕಿಂತ ಹೆಚ್ಚು ಬೆಂದಿತು. ಧಾರವಾಡ, ಬೆಳಗಾವಿ, ಬಳ್ಳಾರಿಗಳೂ ನಲುಗಿದವು. ಗುಜರಾತ್ ಬಹುಮಟ್ಟಿಗೆ ಪಾರಾಗಿತ್ತು. ಧಾನ್ಯ ದೇಶದಲ್ಲಿ ಇತ್ತು, ವಿಜಾಪುರಕ್ಕೆ ತರುವ ದಾರಿ ಇರಲಿಲ್ಲ. ರೈಲು ಸೋಲಾಪುರ, ರಾಯಚೂರುಗಳಿಗೆ ಬಂದು ನಿಂತಿತ್ತು. ಅಲ್ಲಿಂದ ಮುಂದೆ ಎತ್ತಿನ ಗಾಡಿ, ಆ ಎತ್ತುಗಳಿಗೇ ಮೇವಿಲ್ಲ.

ಅದಕ್ಕಿಂತ ದೊಡ್ಡ ಕೊರತೆ ಮನಸ್ಸಿನದು. ವೈಸರಾಯ್ ಲಾರ್ಡ್ ಲಿಟ್ಟನ್ ಅವರಿಗೆ ಖರ್ಚಿನದೇ ಚಿಂತೆ. ಅವರು ಕಳಿಸಿದ ಸರ್ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯ ಗಂಡಾಳಿನ ದಿನಗೂಲಿಯನ್ನು ಒಂದು ಪೌಂಡ್ ಧಾನ್ಯದ ಬೆಲೆ ಮತ್ತು ಒಂದು ಆಣೆಗೆ ಇಳಿಸಿದರು. ಒಂದು ಪೌಂಡ್ ಎಂದರೆ ಅರ್ಧ ಕಿಲೋಗೂ ಕಡಿಮೆ. ದಿನವಿಡೀ ಕಲ್ಲು ಒಡೆಯುವವನಿಗೆ! ಮುಂಬಯಿ ಪ್ರಾಂತದ ಕಾಮಗಾರಿಗಳಲ್ಲಿ ಹಸಿದ ಜನ ಈ ಕೂಲಿ ಬೇಡವೆಂದು ಕೆಲಸ ಬಿಟ್ಟು ನಡೆದರು. ಪುಣೆಯ ಸಾರ್ವಜನಿಕ ಸಭಾ ಅವರ ಪರವಾಗಿ ಸರಕಾರಕ್ಕೆ ಅರ್ಜಿಯ ಮೇಲೆ ಅರ್ಜಿ ಬರೆಯಿತು. ಟೆಂಪಲ್ ಸಾಹೇಬರು 1877ರಲ್ಲಿ ಮುಂಬಯಿಯ ಗವರ್ನರ್ ಆದರು. 1881ರ ಜನಗಣತಿ ಹೊತ್ತಿಗೆ ಕಲಾದಗಿ ಜಿಲ್ಲೆಯ ಜನಸಂಖ್ಯೆಯಲ್ಲಿ ಸುಮಾರು ಐದನೇ ಒಂದು ಪಾಲು ಇಲ್ಲವಾಗಿತ್ತು. ಕೆಲವರು ಸತ್ತರು, ಕೆಲವರು ಊರು ಬಿಟ್ಟರು.

ಮೈಸೂರಿನ ಕಥೆ ಇನ್ನೊಂದು ಬಗೆ. ಆಗ ಅಲ್ಲಿ ಬ್ರಿಟಿಷ್ ಕಮಿಷನರುಗಳದೇ ಆಳ್ವಿಕೆ. ಆದರೂ ಲೆಕ್ಕದ ಪುಸ್ತಕದಲ್ಲಿ ಅದು ಸಂಸ್ಥಾನ. ಹಾಗಾಗಿ ಕೂಡಿಟ್ಟ ಹಣವೆಲ್ಲ ಬರಕ್ಕೆ ಸುರಿದ ಮೇಲೆ ಭಾರತ ಸರಕಾರದಿಂದ ಸಿಕ್ಕಿದ್ದು ಅನುದಾನವಲ್ಲ, ಸಾಲ. 1881ರಲ್ಲಿ ಒಡೆಯರಿಗೆ ರಾಜ್ಯವನ್ನು ಮರಳಿಸಿದಾಗ 80 ಲಕ್ಷ ರೂಪಾಯಿ ಸಾಲವನ್ನೂ ಜೊತೆಗೆ ಕೊಟ್ಟರು. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ 42 ಲಕ್ಷದ ಒಳಗೆ ಬಂದಿತ್ತು. ದಿವಾನ್ ರಂಗಾಚಾರ್ಲು ಅವರಿಗೆ ಸಿಕ್ಕಿದ್ದು ಜನ ಕಡಿಮೆಯಾದ, ಸಾಲ ಹೆಚ್ಚಿದ ರಾಜ್ಯ. ಅದರ ಮೇಲೆ ವಾರ್ಷಿಕ ಪೊಗದಿಯನ್ನು 35 ಲಕ್ಷಕ್ಕೆ ಏರಿಸುವ ಕರಾರು. ಏರಿಕೆಯನ್ನು ಕೆಲವು ವರ್ಷ ಮುಂದೂಡಿದ್ದೇ ದೊಡ್ಡ ಕೃಪೆ ಎನ್ನುವಂತೆ ಇತ್ತು ಆ ಕಾಲದ ಮಾತು.

ಈಗ ಸೂರತ್ತಿಗೆ ಬರೋಣ. ಈ ಅಧ್ಯಾಯ ನಮ್ಮ ಕಡೆಯ ಇತಿಹಾಸದ ಪುಸ್ತಕಗಳಲ್ಲಿ ಕಾಣುವುದೇ ಅಪರೂಪ.

ಧಾತು ಬರದ ಲೆಕ್ಕ ಕಂಡು ಬೆಚ್ಚಿದ ಭಾರತ ಸರಕಾರ, ಮುಂದಿನ ಬರಕ್ಕೆ ಈಗಲೇ ಕೂಡಿಡಬೇಕು ಎಂದು ಹೊರಟಿತು. ವರ್ಷಕ್ಕೆ ಒಂದೂವರೆ ಕೋಟಿ ರೂಪಾಯಿಯ ‘ಕ್ಷಾಮ ವಿಮೆ’ ಯೋಜನೆ ಅದು. ಅದಕ್ಕೆ ಹಣ ಹೊಂದಿಸಲು 1878ರಲ್ಲಿ ವ್ಯಾಪಾರಿಗಳ ಮೇಲೆ ಲೈಸೆನ್ಸ್ ತೆರಿಗೆ ಹಾಕಿದರು. ದೊಡ್ಡ ಸಾಹುಕಾರರ ಜೊತೆಗೆ ಸಣ್ಣ ಅಂಗಡಿಯವನೂ ಅದರ ಬಲೆಯಲ್ಲಿ ಬಿದ್ದ. ಏಪ್ರಿಲ್ ಮೊದಲ ವಾರ ಸೂರತ್ತಿನ ಪೇಟೆ ಬಾಗಿಲು ಹಾಕಿತು. ಹರತಾಳ ಗಲಭೆಗೆ ತಿರುಗಿತು, ಪೊಲೀಸರು ಗುಂಡು ಹಾರಿಸಿದರು.

ಸೂರತ್ತಿನ ಅಂಗಡಿಯವನನ್ನು ಜಿಪುಣ ಎಂದು ಬಿಡುವುದು ಸುಲಭ. ಕಲಾದಗಿಯಲ್ಲಿ ಜನ ಸಾಯುವಾಗ ಇವನಿಗೆ ನಾಲ್ಕು ಕಾಸು ಕೊಡಲು ಏನು ಕಷ್ಟ? ಆದರೆ ಅವನ ಅನುಮಾನ ಬೇರೆಯೇ ಇತ್ತು. ಬರದ ಹೆಸರಲ್ಲಿ ಕಿತ್ತುಕೊಂಡ ಹಣ ಬರಕ್ಕೇ ಹೋಗುತ್ತದೆ ಎಂದು ಯಾರು ಹೇಳಬಲ್ಲರು? ಅವನ ಅನುಮಾನ ಸುಳ್ಳಾಗಲಿಲ್ಲ. ಅದೇ ವರ್ಷದ ಕೊನೆಯಲ್ಲಿ ಅಫ್ಘಾನ್ ಯುದ್ಧ ಶುರುವಾಯಿತು. ಕ್ಷಾಮ ವಿಮೆಯ ಹಣ ಬೇರೆ ಕಡೆಗೆ ತಿರುಗಿತು. ಈ ವಿಷಯ ಮುಂದೆ ವರ್ಷಗಟ್ಟಲೆ ಪತ್ರಿಕೆಗಳಲ್ಲೂ ಸಭೆಗಳಲ್ಲೂ ಚರ್ಚೆಯಾಯಿತು. 1880ರಲ್ಲಿ ವರ್ಷಕ್ಕೆ 500 ರೂಪಾಯಿಗಿಂತ ಕಡಿಮೆ ವರಮಾನದವರನ್ನು ಲೈಸೆನ್ಸ್ ತೆರಿಗೆಯಿಂದ ಬಿಟ್ಟರು. ನನ್ನ ಮಟ್ಟಿಗೆ ಹೇಳುವುದಾದರೆ, ಹಂಚಿಕೊಂಡ ಬೊಕ್ಕಸಕ್ಕೆ ಮೊದಲ ಶತ್ರು ಜಿಪುಣತನ ಅಲ್ಲ, ಲೆಕ್ಕ ಒಪ್ಪಿಸದಿರುವುದು.

ಹಾಗೆಂದು ಆ ಯೋಜನೆ ಪೂರಾ ವ್ಯರ್ಥವಾಗಲಿಲ್ಲ. 1880ರ ಕ್ಷಾಮ ಆಯೋಗದ ವರದಿಯ ನಂತರ ‘ಕ್ಷಾಮ ಸಂಹಿತೆ’ಗಳು ಬಂದವು. ಕಾಮಗಾರಿ ಯಾವಾಗ ತೆರೆಯಬೇಕು, ಯಾರಿಗೆ ಎಷ್ಟು ಕೊಡಬೇಕು ಎಂಬ ನಿಯಮ ಪುಸ್ತಕಕ್ಕೆ ಇಳಿಯಿತು. ಬರಪೀಡಿತ ಜಿಲ್ಲೆಗಳಿಗೆ ರೈಲು ಹಾಕುವುದು ಆದ್ಯತೆಯಾಯಿತು. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆಯ ಉದ್ದೇಶಗಳಲ್ಲಿ ಅದೂ ಒಂದು. ಗದಗದಿಂದ ವಿಜಾಪುರದ ಮೇಲೆ ಹೋಟಗಿಗೆ ಹೋಗುವ ಹಳಿಯ ಮೂಲ ಇದೇ. ಸೋಲಾಪುರದ ದಾರಿಯಲ್ಲಿ ಊರಿಗೆ ಹೋಗುವವರು ಹೋಟಗಿಯಲ್ಲಿ ಗಾಡಿ ನಿಂತಾಗ ಇದನ್ನು ನೆನೆಯಬಹುದು.

ಇಪ್ಪತ್ತೊಂದು ವರ್ಷದ ಮೇಲೆ ಸರದಿ ಗುಜರಾತಿನದು.

1899ರ ಮಳೆಗಾಲ ಗುಜರಾತಿಗೆ ಬರಲೇ ಇಲ್ಲ ಎನ್ನಬೇಕು. ಗುಜರಾತ್ ಎಂದರೆ ತೋಟದ ನಾಡು, ಅಲ್ಲಿಗೆ ಬರ ಹಾಯುವುದಿಲ್ಲ ಎಂಬ ಭಾವನೆ ಅಧಿಕಾರಿಗಳಲ್ಲಿ ಬೇರೂರಿತ್ತು. ರೈತನಿಗೂ ಅಭ್ಯಾಸವಿರಲಿಲ್ಲ. ವಿಜಾಪುರದವನಿಗೆ ಬರ ಬಂದರೆ ಗುಳೆ ಹೋಗುವುದು ಗೊತ್ತು, ಖೇಡಾದ ಪಾಟೀದಾರನಿಗೆ ಗೊತ್ತಿಲ್ಲ. ಇಲ್ಲಿ ರೈಲಿನ ಕೊರತೆ ಇರಲಿಲ್ಲ. ಮುಂಬಯಿಯಿಂದ ಅಹಮದಾಬಾದಿಗೆ 1864ರಲ್ಲೇ ಗಾಡಿ ಓಡುತ್ತಿತ್ತು. ಧಾನ್ಯ ಬಂತು. ಮೇವು ಸಾಲಲಿಲ್ಲ, ದನಕರುಗಳು ರಾಶಿರಾಶಿಯಾಗಿ ಸತ್ತವು. ಗುಜರಾತಿನ ಗೋತಳಿ ಅಳಿಯದಿರಲಿ ಎಂದು ಗವರ್ನರ್ ನಾರ್ತ್‌ಕೋಟ್ ಹೆಸರಿನಲ್ಲಿ ಛಾರೋಡಿಯಲ್ಲಿ ಗೋಸಂರಕ್ಷಣಾ ಕ್ಷೇತ್ರ ತೆರೆಯಬೇಕಾಯಿತು. 1900ರ ಬೇಸಿಗೆಯಲ್ಲಿ ಪರಿಹಾರ ಶಿಬಿರಗಳಿಗೆ ಕಾಲರಾ ನುಗ್ಗಿತು. ಆ ಜುಲೈನಲ್ಲಿ ದೇಶದಲ್ಲಿ ಸರಕಾರಿ ಪರಿಹಾರದ ಮೇಲೆ ಬದುಕುತ್ತಿದ್ದವರು 60 ಲಕ್ಷ ದಾಟಿದ್ದರು. ಹಿಂದೆಂದೂ ಅಷ್ಟು ಜನ ಇರಲಿಲ್ಲ.

ಆ ದಶಕದಲ್ಲಿ ಧಾರವಾಡ ಜಿಲ್ಲೆಯ ಜನಸಂಖ್ಯೆ 10 ಲಕ್ಷ 51 ಸಾವಿರದಿಂದ 11 ಲಕ್ಷ 13 ಸಾವಿರಕ್ಕೆ ಏರಿತು. ಅಹಮದಾಬಾದ್ ಜಿಲ್ಲೆಯದು 9 ಲಕ್ಷ 21 ಸಾವಿರದಿಂದ 7 ಲಕ್ಷ 96 ಸಾವಿರಕ್ಕೆ ಇಳಿಯಿತು. ಒಂದು ಕಡೆ ಬೆಳೆ, ಒಂದು ಕಡೆ ಬರ, ನಡುವೆ ಒಂದೇ ಬೊಕ್ಕಸ. 1876ರ ಲೆಕ್ಕ ಈಗ ತಿರುಗಿತ್ತು.

ಪಕ್ಕದ ಬರೋಡಾ ಸಂಸ್ಥಾನಕ್ಕೆ ಆ ಆಸರೆ ಇರಲಿಲ್ಲ. ಮಹಾರಾಜ ಸಯಾಜಿರಾವ್ ತಮ್ಮ ಖಜಾನೆಯಿಂದಲೇ ಖರ್ಚು ಮಾಡಿದರು. ಬರದ ಹಳ್ಳಿಗಳಲ್ಲಿ ತಾವೇ ತಿರುಗಿ, ಆ ಪ್ರವಾಸದ ಟಿಪ್ಪಣಿಗಳನ್ನು ಪುಸ್ತಕವಾಗಿ ಅಚ್ಚು ಹಾಕಿಸಿದರು. ಸಂಸ್ಥಾನಗಳಿಗೆ ಆಗಲೂ ಭಾರತ ಸರಕಾರ ಚಾಚಿದ ಕೈ ಸಾಲದ್ದೇ. ಬರೋಡಾದ ಜನಸಂಖ್ಯೆ 1891ರಲ್ಲಿ 24 ಲಕ್ಷ ಇದ್ದದ್ದು 1901ರಲ್ಲಿ ಹತ್ತೊಂಬತ್ತೂವರೆ ಲಕ್ಷಕ್ಕೆ ಬಂತು. ನೂರಕ್ಕೆ ಹತ್ತೊಂಬತ್ತರಷ್ಟು ಇಳಿಕೆ.

ಹಾಗಾದರೆ ಸಾಮ್ರಾಜ್ಯದ ಬೊಕ್ಕಸ ಬ್ರಿಟಿಷ್ ಜಿಲ್ಲೆಗಳನ್ನು ಕಾಪಾಡಿತು ಎನ್ನೋಣವೇ? ಅಷ್ಟು ಸಲೀಸಲ್ಲ. ಬರೋಡಾಕ್ಕೆ ಅಂಟಿಕೊಂಡೇ ಇರುವ ಬ್ರಿಟಿಷ್ ಖೇಡಾ ಜಿಲ್ಲೆಯಲ್ಲಿ ಇಳಿಕೆ ನೂರಕ್ಕೆ ಹದಿನೆಂಟು. ಒಂದರ ವ್ಯತ್ಯಾಸ! ಸೂರತ್ತಿನಲ್ಲಿ ಇಳಿಕೆ ಎರಡೇ ಎರಡು. ಆದರೆ ಅಲ್ಲಿಯ ಮಳೆ ಬೇರೆ, ಕಸುಬು ಬೇರೆ. ದೊಡ್ಡ ಬೊಕ್ಕಸ ಹಿಂದೆ ಇದ್ದರೂ ಕೊಡುವ ಕೈ ಬಿಗಿಯಾಗಿದ್ದರೆ ಸಣ್ಣ ಬೊಕ್ಕಸದವನಿಗಿಂತ ಏನೂ ಹೆಚ್ಚು ಸಿಕ್ಕುವುದಿಲ್ಲ ಎಂದು ಈ ಎರಡು ಅಂಕಿಗಳೇ ಹೇಳುತ್ತವೆ. ವೈಸರಾಯ್ ಕರ್ಜನ್ ಅವರಿಗೂ ಧಾರಾಳವೆಂದರೆ ಅಂಜಿಕೆ. ಇನ್ನು ಮುಂಬಯಿ ಸರಕಾರ ಬೆಳೆ ಇಲ್ಲದ ವರ್ಷವೂ ಭೂಕಂದಾಯದ ಬೆನ್ನು ಬಿಡಲಿಲ್ಲ. ಬಲಗೈಯಲ್ಲಿ ಪರಿಹಾರ ಕೊಟ್ಟು ಎಡಗೈಯಲ್ಲಿ ಕಂದಾಯ ಕಿತ್ತರೆ ಏನು ಉಳಿದೀತು? 1901ರಲ್ಲಿ ಮ್ಯಾಕ್‌ಡೊನೆಲ್ ಆಯೋಗ ಮುಂಬಯಿಯ ಕಂದಾಯ ಪದ್ಧತಿಯ ಬಿಗಿತನವನ್ನು ಟೀಕಿಸಿತು. ಅದಕ್ಕೂ ಮೊದಲು ರಮೇಶಚಂದ್ರ ದತ್ತರು ಕರ್ಜನ್ ಅವರಿಗೆ ಬಹಿರಂಗ ಪತ್ರಗಳನ್ನು ಬರೆದು ಇದನ್ನೇ ಹೇಳಿದ್ದರು. ಸ್ವಾರಸ್ಯವೆಂದರೆ ಅದೇ ದತ್ತರನ್ನು ಸಯಾಜಿರಾವ್ 1904ರಲ್ಲಿ ಬರೋಡಾಕ್ಕೆ ಕರೆಸಿ ಕಂದಾಯ ಮಂತ್ರಿ ಮಾಡಿದರು. ಮುಂದೆ ಅವರು ದಿವಾನರೂ ಆಗಿ, 1909ರಲ್ಲಿ ಅಲ್ಲಿಯೇ ತೀರಿಕೊಂಡರು.

ಕಂದಾಯದ ಈ ಹಟವೇ 1918ರಲ್ಲಿ ಖೇಡಾ ಸತ್ಯಾಗ್ರಹಕ್ಕೆ ಎಡೆಮಾಡಿತು. ನಮ್ಮ ಹಳ್ಳಿಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ‘ಆಣೆವಾರಿ’ ಮಾತೇ ಅಲ್ಲಿಯ ಜಗಳದ ಮೂಲ. ಬೆಳೆ ನಾಲ್ಕಾಣೆಗಿಂತ ಕಡಿಮೆ ಬಂದರೆ ಆ ವರ್ಷದ ಕಂದಾಯ ಕೇಳಬಾರದು ಎಂದು ನಿಯಮ. ನಾಲ್ಕಾಣೆ ಬಂದಿಲ್ಲ ಎಂದು ರೈತರು, ಬಂದಿದೆ ಎಂದು ಸರಕಾರ. ಗಾಂಧೀಜಿ, ವಲ್ಲಭಭಾಯಿ ಪಟೇಲರು ರೈತರ ಕಡೆ ನಿಂತರು. ಹೊಲದಲ್ಲಿ ಎಷ್ಟು ಆಣೆ ಬೆಳೆ ಎಂದು ಯಾರು ಅಳೆಯಬೇಕು ಎನ್ನುವುದು ಅಂದೂ ತಂಟೆಯೇ, ಇಂದೂ ತಂಟೆಯೇ.

ಸ್ವಾತಂತ್ರ್ಯ ಬಂದ ಮೇಲೆ ಸಂಸ್ಥಾನ, ಪ್ರಾಂತ ಎಂಬ ಭೇದ ಹೋಯಿತು. ಬರೋಡಾ, ಮೈಸೂರು ಎರಡೂ ಒಂದೇ ಲೆಕ್ಕದ ಪುಸ್ತಕಕ್ಕೆ ಬಂದವು. ಸಂವಿಧಾನದ 280ನೇ ವಿಧಿಯಂತೆ 1951ರಲ್ಲಿ ಮೊದಲ ಹಣಕಾಸು ಆಯೋಗ ಕುಳಿತಿತು. 1956ರಲ್ಲಿ ಏಕೀಕರಣವಾದಾಗ ಹಳೆ ಮೈಸೂರಿನಲ್ಲಿ ಒಂದು ಗೊಣಗಾಟ ಇತ್ತು. ನಮ್ಮ ದುಡ್ಡು ಉತ್ತರದ ಹಿಂದುಳಿದ ಜಿಲ್ಲೆಗಳಿಗೆ ಹರಿದುಹೋಗುತ್ತದೆ ಎಂದು. 1960ರ ಮೇ 1ರಂದು ಗುಜರಾತ್ ಬೇರೆಯಾದಾಗ ಆ ಕಾಯಿದೆಯಲ್ಲೇ ಗುಜರಾತಿಗೆಂದು ವಿಶೇಷ ಕಂದಾಯ ಮೀಸಲು ನಿಧಿ ಬರೆದಿಟ್ಟರು. ಹೊಸ ರಾಜ್ಯ ಕೆಲವು ವರ್ಷ ಕೊರತೆಯಲ್ಲಿ ಇರುತ್ತದೆ, ಮುಂಬಯಿಯ ಗಳಿಕೆಯಲ್ಲಿ ಅದಕ್ಕೂ ಪಾಲಿದೆ ಎಂಬ ತರ್ಕ. ಮನೆ ಪಾಲಾಗುವಾಗ ತಮ್ಮನಿಗೆ ಒಂದೆರಡು ವರ್ಷದ ಜೋಳ ಅಳೆದು ಕೊಟ್ಟಂತೆ.

ಪ್ರಕೃತಿ ವಿಕೋಪದ ಹಣ ಕೊಡುವ ಕ್ರಮವೂ ಮೆಲ್ಲನೆ ಬದಲಾಯಿತು. ಮೊದಲು ಪ್ರತಿ ರಾಜ್ಯದ ಬಜೆಟ್ಟಿನಲ್ಲಿ ಒಂದಿಷ್ಟು ಹಣ ಎತ್ತಿಡುವ ಪದ್ಧತಿ ಇತ್ತು. 1990ರಿಂದ ವಿಪತ್ತು ಪರಿಹಾರ ನಿಧಿ ಬಂತು, ಕೇಂದ್ರದ್ದು ಮುಕ್ಕಾಲು ಪಾಲು, ರಾಜ್ಯದ್ದು ಕಾಲು. ಅದು ಸಾಲದಷ್ಟು ದೊಡ್ಡ ಅನಾಹುತವಾದರೆಂದು ಹನ್ನೊಂದನೇ ಹಣಕಾಸು ಆಯೋಗ 500 ಕೋಟಿಯ ರಾಷ್ಟ್ರೀಯ ನಿಧಿ ಸೂಚಿಸಿತು. ಅದು ಶುರುವಾದದ್ದು 2000ದಲ್ಲಿ.

ವರ್ಷ ತುಂಬುವುದರೊಳಗೆ, 2001ರ ಜನವರಿ 26ರ ಬೆಳಿಗ್ಗೆ 8 ಗಂಟೆ 46 ನಿಮಿಷಕ್ಕೆ ಭೂಮಿ ನಡುಗಿತು. ಆಗ ಇಲ್ಲಿದ್ದ ಕನ್ನಡಿಗರಿಗೆ ಇದನ್ನು ಬಣ್ಣಿಸಿ ಹೇಳಬೇಕಿಲ್ಲ. ಕಛ್ ನೆಲಸಮವಾಯಿತು, ಅಲ್ಲಿಂದ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಅಹಮದಾಬಾದಿನಲ್ಲೂ ಬಹುಮಹಡಿ ಕಟ್ಟಡಗಳು ಕುಸಿದು ಏಳುನೂರಕ್ಕೂ ಹೆಚ್ಚು ಜನ ಸತ್ತರು. ಒಟ್ಟು ಸಾವು ಸರಕಾರಿ ಲೆಕ್ಕದಲ್ಲೇ 13 ಸಾವಿರದ 800ರ ಸುಮಾರು. ಪ್ರಧಾನಿ ವಾಜಪೇಯಿ ಕೂಡಲೇ 500 ಕೋಟಿ ಘೋಷಿಸಿದರು. ಹೊಸ ನಿಧಿಯ ಗಾತ್ರವೇ ಅಷ್ಟು, ಒಂದೇ ಪೆಟ್ಟಿಗೆ ಮುಗಿಯಿತು.

ಆಗ ಕೇಂದ್ರ ಮಾಡಿದ ಕೆಲಸ 1878ರದನ್ನೇ ಹೋಲುತ್ತದೆ. ಆದಾಯ ತೆರಿಗೆಯ ಮೇಲೆ ನೂರಕ್ಕೆ ಎರಡರಷ್ಟು ಅಧಿಭಾರ ಹಾಕಿತು. ಸಾವಿರದ ಮುನ್ನೂರು ಕೋಟಿ ಬರಬಹುದೆಂಬ ಅಂದಾಜು. ಫೆಬ್ರವರಿ ಕೊನೆಗೆ ಬಜೆಟ್ ಮಂಡಿಸಿದ ಹಣಕಾಸು ಮಂತ್ರಿ ಯಶವಂತ ಸಿನ್ಹಾ ಉಳಿದ ಅಧಿಭಾರಗಳನ್ನೆಲ್ಲ ತೆಗೆದು ಇದೊಂದನ್ನು ಉಳಿಸಿಕೊಂಡರು. ಬೆಂಗಳೂರಿನ ಗುಮಾಸ್ತ, ಮಂಗಳೂರಿನ ಬ್ಯಾಂಕ್ ನೌಕರ, ಹುಬ್ಬಳ್ಳಿಯ ವ್ಯಾಪಾರಿ ಎಲ್ಲರ ಸಂಬಳ ಚೀಟಿಯಿಂದ, ಲೆಕ್ಕದಿಂದ ಕಛ್‌ಗೆ ಹಣ ಹೋಯಿತು. ಈ ಸಲ ಯಾವ ಪೇಟೆಯೂ ಬಾಗಿಲು ಹಾಕಲಿಲ್ಲ. ಕುಸಿದ ಭುಜ್ ಪೇಟೆಯನ್ನು ಎಲ್ಲರೂ ಟಿವಿಯಲ್ಲಿ ಕಂಡಿದ್ದರು. ದುಡ್ಡು ಎಲ್ಲಿಗೆ ಹೋಗುತ್ತದೆ ಎಂಬುದರಲ್ಲಿ ಗುಟ್ಟಿರಲಿಲ್ಲ.

ಅಷ್ಟಕ್ಕೇ ನಿಲ್ಲಲಿಲ್ಲ. ಆ ಜುಲೈ ಕೊನೆಗೆ ಕಛ್‌ನಲ್ಲಿ ಹೊಸದಾಗಿ ತೆರೆಯುವ ಕಾರ್ಖಾನೆಗಳಿಗೆ ಐದು ವರ್ಷ ಕೇಂದ್ರ ಅಬಕಾರಿ ಸುಂಕದ ವಿನಾಯಿತಿ ಕೊಟ್ಟರು. ಮನೆ ಕಟ್ಟಿಕೊಟ್ಟರೆ ಸಾಲದು, ದುಡಿಮೆ ಬರಬೇಕು ಎಂಬ ಲೆಕ್ಕ. ಕಾರ್ಖಾನೆಗಳು ಬಂದವು, ಕಛ್‌ನ ಮುಖವೇ ಬದಲಾಯಿತು. ಈ ವಿನಾಯಿತಿಯ ಭಾರವೂ ಎಲ್ಲ ರಾಜ್ಯಗಳ ಮೇಲೆ ಹಂಚಿತು, ಏಕೆಂದರೆ ಬಾರದೇ ಹೋದ ಅಬಕಾರಿ ಸುಂಕದಲ್ಲಿ ಎಲ್ಲರ ಪಾಲೂ ಇತ್ತು.

ಇಂಥ ವ್ಯವಸ್ಥೆ ಇಲ್ಲದಿದ್ದರೆ ಏನಾಗುತ್ತದೆ ಎಂದು ನೋಡಲು 2010ರ ಗ್ರೀಸ್ ಸಾಕು. ಯೂರೋ ಎಂಬ ಒಂದೇ ನಾಣ್ಯ, ಬೊಕ್ಕಸಗಳು ಮಾತ್ರ ದೇಶಕ್ಕೊಂದು. ಪೆಟ್ಟು ಬಿದ್ದಾಗ ಗ್ರೀಸಿಗೆ ನಾಣ್ಯದ ಬೆಲೆ ಇಳಿಸುವ ದಾರಿಯೂ ಇರಲಿಲ್ಲ, ಅಣ್ಣತಮ್ಮಂದಿರಿಂದ ಸಿಕ್ಕಿದ್ದೂ ಕಠಿಣ ಷರತ್ತಿನ ಸಾಲ. ಧಾತು ಬರದ ಮೈಸೂರು ನೆನಪಾಗುತ್ತದೆ, ಅಲ್ಲವೇ?

ಆದರೆ ನಮ್ಮ ವ್ಯವಸ್ಥೆಗೆ ಕಾಣುವುದು ಸದ್ದು ಮಾಡುವ ಪೆಟ್ಟು ಮಾತ್ರ. ಭೂಮಿ ನಡುಗಿದರೆ, ಹೊಳೆ ಉಕ್ಕಿದರೆ ನಿಧಿ ತೆರೆಯುತ್ತದೆ. 2006ರ ಆಗಸ್ಟ್‌ನಲ್ಲಿ ಉಕಾಯಿ ಅಣೆಕಟ್ಟಿನ ನೀರು ಬಿಟ್ಟು ತಾಪಿ ನದಿ ಸೂರತ್ತಿನ ಬಹುಭಾಗವನ್ನು ಮುಳುಗಿಸಿದಾಗಲೂ ತೆರೆಯಿತು. ಅಹಮದಾಬಾದಿನ ಬಟ್ಟೆ ಗಿರಣಿಗಳು 1980ರ ದಶಕದಲ್ಲಿ ಒಂದೊಂದಾಗಿ ಮುಚ್ಚಿದಾಗ ಅಂಥ ನಿಧಿ ಯಾವುದೂ ಇರಲಿಲ್ಲ. ಹತ್ತಾರು ಸಾವಿರ ಕಾರ್ಮಿಕರು ಬೀದಿಗೆ ಬಿದ್ದರು. 1986ರಲ್ಲಿ ಜವಳಿ ಕಾರ್ಮಿಕರ ಪುನರ್ವಸತಿ ನಿಧಿ ಎಂದು ಒಂದು ಬಂತು, ಅದರ ಷರತ್ತು ದಾಟಿ ಹಣ ಕೈಗೆ ಬರುವಷ್ಟರಲ್ಲಿ ಬಾಪೂನಗರದ ಗಿರಣಿ ಕಾರ್ಮಿಕ ರಿಕ್ಷಾ ಓಡಿಸಲು ಕಲಿತಿರುತ್ತಿದ್ದ. ದಾವಣಗೆರೆಯ ಗಿರಣಿ ಚಾಳುಗಳಲ್ಲಿ ಬೆಳೆದವರಿಗೆ ಈ ಕಥೆ ಹೊಸದಲ್ಲ. ಮೆಲ್ಲಗೆ ಮುಳುಗುವ ಊರು ಯಾವ ಆಯೋಗದ ಪಟ್ಟಿಗೂ ಸೇರುವುದಿಲ್ಲ. ನನಗೆ ಇದು ದೊಡ್ಡ ಲೋಪವಾಗಿ ಕಾಣುತ್ತದೆ.

2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಸೂರತ್ತಿನ ಬಟ್ಟೆ ಪೇಟೆ ಮತ್ತೆ ಬಾಗಿಲು ಹಾಕಿತು. ಈ ಸಲ ವಾರಗಟ್ಟಲೆ. ರಾಜ್ಯಗಳು ತಮ್ಮ ಕೈಯಲ್ಲಿದ್ದ ಮಾರಾಟ ತೆರಿಗೆಯನ್ನು ಬಿಟ್ಟುಕೊಟ್ಟು ಬದಲಿಗೆ ಪಡೆದ ಭರವಸೆ, ಐದು ವರ್ಷ ಆದಾಯ ವರ್ಷಕ್ಕೆ ನೂರಕ್ಕೆ 14ರಂತೆ ಬೆಳೆಯದಿದ್ದರೆ ಕೊರತೆ ತುಂಬಿಕೊಡುತ್ತೇವೆ ಎಂಬುದು. 2020ರಲ್ಲಿ ಕೊರೊನಾ ಬಂದಾಗ ಸೂರತ್ತೂ ಮುಚ್ಚಿತು, ಬೆಂಗಳೂರೂ ಮುಚ್ಚಿತು. ಎಲ್ಲ ಅಣ್ಣತಮ್ಮಂದಿರ ಹೊಲವೂ ಒಂದೇ ಸಲ ಒಣಗಿದ ವರ್ಷ ಅದು. ತುಂಬಿಕೊಡಲು ಸೆಸ್ ಹಣ ಸಾಲದೆ ಕೇಂದ್ರ 1 ಲಕ್ಷ 10 ಸಾವಿರ ಕೋಟಿ ರೂಪಾಯಿ ಸಾಲ ಎತ್ತಿ, ಅದನ್ನು ರಾಜ್ಯಗಳಿಗೆ ಸಾಲವಾಗಿಯೇ ಕೊಟ್ಟಿತು. ಅನುದಾನವೇ, ಸಾಲವೇ ಎಂಬ ಹಳೆಯ ಪ್ರಶ್ನೆ ತಿಂಗಳುಗಟ್ಟಲೆ ಜಿಎಸ್‌ಟಿ ಮಂಡಳಿಯಲ್ಲಿ ಚರ್ಚೆಯಾಯಿತು. ಕೊನೆಗೆ ಆ ಸಾಲ ತೀರಿಸುವ ಹೊಣೆ ಸೆಸ್ಸಿನ ಮೇಲೆ ಬಿತ್ತು, ಅದರ ಅವಧಿಯನ್ನು 2026ರ ಮಾರ್ಚ್‌ವರೆಗೆ ಬೆಳೆಸಿದರು.

ಇನ್ನು ನಮ್ಮ ಕಡೆಯ ಬರ. 2023ರಲ್ಲಿ ಕರ್ನಾಟಕದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಿದರು. ರಾಜ್ಯ ಕೇಳಿದ್ದು 18,171 ಕೋಟಿ. ತಿಂಗಳುಗಳು ಕಳೆದರೂ ಹಣ ಬಾರದೆ 2024ರ ಮಾರ್ಚ್‌ನಲ್ಲಿ ರಾಜ್ಯ ಸರಕಾರ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ಏಪ್ರಿಲ್ ಕೊನೆಗೆ ಬಿಡುಗಡೆಯಾದದ್ದು 3,454 ಕೋಟಿ. ನಿಯಮದ ಪ್ರಕಾರ ಕೊಟ್ಟಿದ್ದೇವೆ ಎಂದು ಕೇಂದ್ರ, ನಷ್ಟದ ಲೆಕ್ಕವೇ ಬೇರೆ ಎಂದು ರಾಜ್ಯ. ನಾಲ್ಕಾಣೆ ಬೆಳೆ ಬಂದಿತ್ತೋ ಇಲ್ಲವೋ ಎಂದು ಖೇಡಾದಲ್ಲಿ ನಡೆದದ್ದೂ ಇಂಥದೇ ವಾದ. ಈ ಸಲ ಹೊಲದ ಬದುವಿನ ಬದಲು ದೆಹಲಿಯ ನ್ಯಾಯಾಲಯದಲ್ಲಿ.

ಧಾತು ಬರದ ಬಗ್ಗೆ ನಿಮ್ಮ ಮನೆಯ ಹಿರಿಯರು ಹೇಳುತ್ತಿದ್ದ ಮಾತೇನಾದರೂ ನೆನಪಿದ್ದರೆ ಬರೆದು ಕಳಿಸಿ. ನೆರೆಮನೆಯ ಗುಜರಾತಿ ಅಜ್ಜಿಯಿಂದ ಕೇಳಿದ ಛಪ್ಪನಿಯೊ ಕಥೆಯಿದ್ದರೆ ಅದನ್ನೂ.